ಬಿಸ್ಕತ್ತಿನ ಮೇಲಿನ ಬಿಳಿ

ರುಕ್ಮಿಣಮ್ಮ ಬಿಸ್ಕತ್ತನ್ನು ಬಾಯಿಗೆ ಹಾಕಲಿಲ್ಲ. ಕಿಟಕಿಯ ಬೆಳಕಿಗೆ ಹಿಡಿದು, ಅದರ ಮೇಲೆ ಸೊಸೆ ಬರೆದಿದ್ದ ಬಿಳಿ ಗೆರೆಯನ್ನು ಉಗುರಿನಿಂದ ತಟ್ಟಿದಳು. ಟಕ್ ಎಂದಿತು.

“ಇದು ಬರೀ ಸಕ್ಕರೇನಾ?”

“ಸಕ್ಕರೆ, ನಿಂಬೆರಸ. ಅಷ್ಟೇ ಅತ್ತೆ,” ಎಂದಳು ಕದಿರಮ್ಮ. ಕಾಗದ ಸುತ್ತಿ ಮಾಡಿಕೊಂಡಿದ್ದ ಪೊಟ್ಟಣವನ್ನು ಹಿಂಡುವುದನ್ನು ನಿಲ್ಲಿಸಲಿಲ್ಲ. ಅದರ ತುದಿಯಿಂದ ಎಳೆಯಾಗಿ ಇಳಿದ ಬಿಳಿ ಹಿಟ್ಟು ನಕ್ಷತ್ರದ ಅಂಚು ಸುತ್ತಿ ಬಂತು. ಮೊರದ ತುಂಬ ನಕ್ಷತ್ರಗಳು, ಗಂಟೆಗಳು ಒಣಗುತ್ತಿದ್ದವು. ಮಾರನೆಯ ದಿನ ಕ್ರಿಸ್‌ಮಸ್. ಕದಿರಮ್ಮನ ಗಂಡ ನರಸಿಂಹಯ್ಯನ ಎದೆರೋಗಕ್ಕೆ ಔಷಧಿ ಕೊಟ್ಟ ದೊಡ್ಡಬಳ್ಳಾಪುರದ ಡಾಕ್ಟರಮ್ಮನ ಮನೆಗೆ ಅವು ಹೋಗಬೇಕಿತ್ತು. ಒಂದು ಚಿಪ್ಪು ಬಾಳೆಹಣ್ಣು ಸಾಕು ಎಂದು ರುಕ್ಮಿಣಮ್ಮ ಹೇಳಿದ್ದಳು. ಸೊಸೆ ಕೇಳಿರಲಿಲ್ಲ.

ಮದುವೆಯ ಮಾತುಕತೆಯಲ್ಲಿ ಹುಡುಗಿಯ ತಂದೆಗೆ ಕಂಪನಿ ಕೆಲಸ ಅಂದಿದ್ದರು. ಬೆಂಗಳೂರಿನ ದಂಡಿನ ಪೇಟೆಯ ಬೇಕರಿಯಲ್ಲಿ ಹಿಟ್ಟು ನಾದುತ್ತಾನೆಂದು ತಾಳಿ ಕಟ್ಟಿದ ಮೇಲೆ ತಿಳಿಯಿತು. ಅಂದಿನಿಂದ ರುಕ್ಮಿಣಮ್ಮ ಸೊಸೆ ತೊಳೆದಿಟ್ಟ ಪಾತ್ರೆಯನ್ನೆಲ್ಲ ಮೂಸಿ ನೋಡುತ್ತಿದ್ದಳು. ಮಳೆಗಾಲ ಮುಗಿಯುವ ಹೊತ್ತಿಗೆ ಮಗ ಹಾಸಿಗೆ ಹಿಡಿದ. ದಿನಕ್ಕೊಂದು ಮೊಟ್ಟೆ ಕೊಡದಿದ್ದರೆ ಔಷಧಿ ಹತ್ತುವುದಿಲ್ಲ ಎಂದರು ಡಾಕ್ಟರಮ್ಮ. ರುಕ್ಮಿಣಮ್ಮ ಅಲ್ಲಿ ತಲೆಯಾಡಿಸಿದಳು. ಮನೆಗೆ ಬಂದು ಸೊಸೆಯನ್ನು ನಿಲ್ಲಿಸಿಕೊಂಡು, ಈ ಹೊಸ್ತಿಲೊಳಗೆ ಮೊಟ್ಟೆ ಬಂದ ದಿನ ತಂದವರು ಹೊರಗೆ ಎಂದಳು. ಆಮೇಲೆ ಘಾಟಿ ಸುಬ್ರಹ್ಮಣ್ಯನಿಗೆ ಹರಕೆ ಹೊತ್ತು, ಸಂಜೆಗೊಂದು ಲೋಟ ಅರಿಶಿನದ ಹಾಲು ಶುರು ಮಾಡಿದಳು. ಕಾಸುವುದು ಸೊಸೆ. ಒಯ್ದು ಎದುರು ನಿಂತು ಕುಡಿಸುವುದು ತಾನೇ. ಆ ಕೆಲಸವನ್ನು ಬೇಕರಿಯವನ ಮಗಳಿಗೆ ಬಿಟ್ಟಿರಲಿಲ್ಲ. ಮಗ ಚೇತರಿಸಿಕೊಂಡ. ಕೆನ್ನೆ ತುಂಬಿತು. ಹರಕೆ ಫಲಿಸಿತೆಂದು ಬೀದಿಗೆಲ್ಲ ಹೇಳಿದ್ದಳು.

ಈಗ ಅವಳು ಮತ್ತೊಂದು ಬಿಸ್ಕತ್ತು ತಟ್ಟಿದಳು. ಅದೂ ಟಕ್ ಎಂದಿತು. ಈ ಚಳಿಗಾಲದ ಮಂಜಿಗೆ ಸಂಕ್ರಾಂತಿಯ ಸಕ್ಕರೆ ಅಚ್ಚೇ ಬೆವರುತ್ತದೆ. ನಿಂಬೆರಸ ಹಾಕಿದ ಸಕ್ಕರೆ ಅಂಟಬೇಕು, ಇದು ಕಲ್ಲಾಗಿತ್ತು. ಈ ಸದ್ದನ್ನು ಅವಳು ಕೇಳಿದ್ದಳು. ತ್ಯಾಮಗೊಂಡ್ಲಿನ ತವರಿನಲ್ಲಿ, ಎದುರಿಗೆ ಶಾನುಭೋಗರು ಮನೆ ಕಟ್ಟಿಸುವಾಗ, ಗೋಡೆ ಹೊಳೆಯಲೆಂದು ಗಾರೆಗೆ ಮೊಟ್ಟೆಯ ಬಿಳಿ ಕಲಸುತ್ತಿದ್ದರು. ಮೊಟ್ಟೆ ಮುಟ್ಟದ ಜನ ಆ ಗೋಡೆಗೆ ಒರಗಿಕೊಂಡೇ ಊಟ ಮಾಡುತ್ತಿದ್ದರು. ಒಣಗಿದ ಗೋಡೆಗೆ ಉಗುರು ತಾಗಿಸಿದರೆ ಹೀಗೇ ಸದ್ದಾಗುತ್ತಿತ್ತು. ಕೊಟ್ಟಿಗೆ ಗುಡಿಸಲು ದಿನಾ ಬರುವ ಬೈರಮ್ಮನ ಮನೆಯಲ್ಲಿ ಕೋಳಿಗಳಿದ್ದವು.

“ಮೊಟ್ಟೆ ಬೈರಮ್ಮನ ಸಗಣಿ ಬುಟ್ಟೀಲಿ ಬಂತಾ?”

ಕದಿರಮ್ಮನ ಕೈ ನಿಂತಿತು. ಗಂಟೆಯ ಮೇಲೆ ಬಿಳಿ ಹಿಟ್ಟು ಗುಪ್ಪೆಯಾಗಿ ಬಿತ್ತು. ಡಾಕ್ಟರಮ್ಮನ ಮನೆಯಲ್ಲಿ ಅದನ್ನು ತಿನ್ನುತ್ತಾರೆ, ಕಲಸಿದ್ದೆಲ್ಲ ಕೊಟ್ಟಿಗೆಯಲ್ಲಿ, ಅಡಿಗೆಮನೆಯ ಒಂದು ಚಮಚವನ್ನೂ ಮುಟ್ಟಿಸಿಲ್ಲ ಎಂದು ಮೆಲ್ಲಗೆ ಹೇಳಿದಳು.

“ಟ್ರಂಕು ಕಟ್ಟು. ನಾಳೆ ಇದನ್ನ ಅಲ್ಲಿ ಕೊಟ್ಬಿಟ್ಟು, ಹಂಗೇ ಬೆಂಗಳೂರು ಬಸ್ ಹತ್ತು.”

ಕದಿರಮ್ಮ ಅಳಲಿಲ್ಲ. ಕೈ ಒರೆಸಿಕೊಂಡು ಎದ್ದಳು. ಅವಳು ಬಾಗಿಲು ದಾಟುವ ಮೊದಲೇ ರುಕ್ಮಿಣಮ್ಮನಿಗೆ ಇನ್ನೊಂದು ನೆನಪಾಯಿತು. ಗಾರೆಯವರು ಸಂಜೆ ಹೊರಡುವಾಗ, ಉಳಿದ ಹಳದಿಯನ್ನು ಮಡಕೆಯಲ್ಲಿ ಮನೆಗೆ ಒಯ್ಯುತ್ತಿದ್ದರು.

“ನಿಂತ್ಕೊಳೇ. ಬಿಳೀದು ಇಲ್ಲಿದೆ. ಹಳದಿ ಎಲ್ಲಿ?”

ಸೊಸೆ ಮತ್ತೆ ಕೈ ಒರೆಸಿಕೊಂಡಳು.

“ನೀನು ತಿಂದ್ಯಾ?”

“ಇಲ್ಲ.”

“ಬೈರಮ್ಮಂಗೆ ಕೊಟ್ಯಾ?”

“ಇಲ್ಲ ಅತ್ತೆ.”

ಕದಿರಮ್ಮನ ಕಣ್ಣು ಒಲೆಯ ಕಟ್ಟೆಯತ್ತ ಹೋಗಿ ತಕ್ಷಣ ಹಿಂದಿರುಗಿತು. ಅಲ್ಲಿ ಲೋಟದಲ್ಲಿ ಮಗನ ಹಾಲಿತ್ತು. ಅರಿಶಿನದ ಹಾಲು.

ಬಿಸಿ ಹಾಲಿಗೆ ಬಿದ್ದ ಬಿಳಿ ಹೆಪ್ಪುಗಟ್ಟಿ ತೇಲುತ್ತದೆ. ಹಳದಿಯನ್ನು ಕಡೆದು ಬಿಟ್ಟರೆ ಅರಿಶಿನದಲ್ಲಿ ಕರಗಿಹೋಗುತ್ತದೆ, ಯಾರಿಗೂ ಕಾಣುವುದಿಲ್ಲ. ಇಷ್ಟು ದಿನ ಬಿಳಿಯನ್ನು ಕರಿಬೇವಿನ ಬುಡಕ್ಕೆ ಸುರಿಯುತ್ತಿದ್ದ ಕದಿರಮ್ಮನಿಗೆ ಇವತ್ತೊಂದು ದಿನ ಸುರಿಯಲು ಮನಸ್ಸಾಗಲಿಲ್ಲ. ಕ್ರಿಸ್‌ಮಸ್ಸಿನ ಹಿಂದಿನ ದಿನ ಮೊಟ್ಟೆಯ ಬಿಳಿ ಚೆಲ್ಲುವವರನ್ನು ಅವಳಪ್ಪ ಬೇಕರಿಯೊಳಗೆ ನಿಲ್ಲಲು ಬಿಡುತ್ತಿರಲಿಲ್ಲ.

ರುಕ್ಮಿಣಮ್ಮ ಒಲೆಯ ಮುಂದೆ ನಿಂತೇ ಇದ್ದಳು. ಲೋಟದಿಂದ ಏಳುತ್ತಿದ್ದ ಹಬೆ ತೆಳುವಾಯಿತು, ಆಮೇಲೆ ನಿಂತಿತು. ಇಷ್ಟು ದಿನವೂ ತನ್ನ ಕೈಯಿಂದಲೇ. ಎದುರು ನಿಂತು, ತಳ ಕಾಣುವವರೆಗೆ.

“ಅಮ್ಮ, ಹಾಲು ತರ್ಲಿಲ್ವಾ ಇವತ್ತು?” ಜಗಲಿಯಿಂದ ನರಸಿಂಹಯ್ಯ ಕೂಗಿದ. ಮೊದಲಾಗಿದ್ದರೆ ಅಷ್ಟು ಕೂಗುವುದರೊಳಗೆ ಎರಡು ಸಲ ಕೆಮ್ಮುತ್ತಿದ್ದ.

ಅವಳು ಲೋಟಕ್ಕೆ ಕೈ ಚಾಚಿದಳು. ಬೆರಳು ತಾಗುವ ಮುಂಚೆ ಹಿಂದಕ್ಕೆಳೆದುಕೊಂಡಳು. ಸೆರಗಿನ ತುದಿಯನ್ನು ಎರಡು ಸುತ್ತು ಅಂಗೈಗೆ ಸುತ್ತಿ, ಅದರಲ್ಲಿ ಲೋಟ ಹಿಡಿದು ಜಗಲಿಗೆ ಹೋದಳು. ಕದಿರಮ್ಮ ಬಾಗಿಲವರೆಗೆ ಬಂದು ನಿಂತಳು.

ಮಗ ಲೋಟ ತೆಗೆದುಕೊಳ್ಳುತ್ತ, “ಏನಮ್ಮ ಇದು, ಸೆರಗಲ್ಲಿ ಹಿಡ್ಕೊಂಡು ಬಂದಿದ್ದೀಯ?” ಎಂದ.

“ಬಿಸಿ ಇದೆ. ಕುಡಿ.”

ಹಾಲಿನ ಮೇಲೆ ಕೆನೆ ತಣ್ಣಗೆ ಸುಕ್ಕುಗಟ್ಟಿತ್ತು.