ಉದ್ಘಾಟನೆಯ ಸ್ಕ್ರೂ

ಮಂಡಲ ಪಂಚಾಯತಿನ ಪ್ರಧಾನರು ಸ್ಕ್ರೂಡ್ರೈವರನ್ನು ಎರಡೂ ಕೈಯಲ್ಲಿ ಹಿಡಿದು, ಕಣ್ಣಿಗೊತ್ತಿಕೊಂಡು, ಮೇಜಿನ ಮೇಲೆ ಗುರುಗುಟ್ಟುತ್ತಿದ್ದ ಪುಟ್ಟ ಆಟದ ಕಾರಿನ ಸ್ಕ್ರೂವನ್ನು ಚೂರು ಬಲಕ್ಕೆ ತಿರುಗಿಸಿದರು. ನಿತ್ಯಾನಂದ ಕಾರನ್ನು ಶಾಲೆಯ ಮೈದಾನಕ್ಕೆ ಇಳಿಸಿ, ಅದನ್ನು ದೂರದಿಂದ ಓಡಿಸುವ, ಕೈಯಲ್ಲಿದ್ದ ರೇಡಿಯೋ ಪೆಟ್ಟಿಗೆಯ ಕಡ್ಡಿ ದೂಡಿದ. ಕಾರು ಕಿರುಚುತ್ತ ಒಂದು ಸುತ್ತು ಹೊಡೆದು ಮೇಜಿನ ಬುಡಕ್ಕೆ ಬಂದು ನಿಂತಿತು. ವಿಟ್ಲ ಕಡೆಯ ಒಂದು ಯುವಕ ಮಂಡಲದ ವಾರ್ಷಿಕೋತ್ಸವ ಹಾಗೆ ಉದ್ಘಾಟನೆಯಾಯಿತು.

ಮೊದಲು ದೀಪ ಹಚ್ಚುವುದೆಂದೇ ಇದ್ದದ್ದು. ಕಾರಿಗೆ ಹಾಕುವ ಎಣ್ಣೆ ಸ್ಪಿರಿಟಿನಂತೆ ಫಕ್ಕನೆ ಹತ್ತಿಕೊಳ್ಳುತ್ತದೆ, ಹತ್ತಿರ ಬೆಂಕಿ ಬೇಡ ಎಂದು ದುಬಾಯಿಯಿಂದ ರಜೆಯಲ್ಲಿ ಬಂದಿದ್ದ ನಿತ್ಯಾನಂದ ಹೇಳಿದ. ಆದರೆ ಆಮಂತ್ರಣ ಪತ್ರಿಕೆಯಲ್ಲಿ ಉದ್ಘಾಟಕರೆಂದು ನಾಲ್ಕು ಹೆಸರು ಅಚ್ಚಾಗಿ ಮನೆಮನೆಗೆ ಹೋಗಿತ್ತು. ನಾಲ್ವರೂ ಒಬ್ಬೊಬ್ಬರಾಗಿ ಸ್ಕ್ರೂ ತಿರುಗಿಸಲಿ, ಒಬ್ಬೊಬ್ಬರ ಹೆಸರಿಗೆ ಒಂದೊಂದು ಸುತ್ತು ಕಾರು ಓಡಲಿ ಎಂಬ ಉಪಾಯ ನಿರೂಪಣೆಗೆ ನಿಂತಿದ್ದ ಕೃಷ್ಣಕುಮಾರ ಮಾಷ್ಟ್ರದ್ದು. ಎಡಕ್ಕೆ ತಿರುಗಿಸುವುದು ಶುಭಕಾರ್ಯಕ್ಕೆ ಸರಿಯಲ್ಲ, ಎಲ್ಲರೂ ಬಲಕ್ಕೇ ತಿರುಗಿಸಬೇಕು ಎಂದು ಮೈಕಿನಲ್ಲಿ ನೆನಪಿಸಿದ್ದೂ ಅವರೇ.

ಅದು ಇಂಜಿನಿಗೆ ಎಣ್ಣೆ ಬಿಡುವ ಸ್ಕ್ರೂ. ಬಲಕ್ಕೆ ಹೋದಷ್ಟೂ ಎಣ್ಣೆ ಕಡಿಮೆ, ಓಟ ಹೆಚ್ಚು, ಬಿಸಿಯೂ ಹೆಚ್ಚು. ಮೂರು ದಿನ ಕೂತು ಇದನ್ನು ಕಂಡುಕೊಂಡವನು ಮೆಲ್ಕಾರ್ ಪೇಟೆಯ ಪಂಪುಸೆಟ್ ಮೆಕ್ಯಾನಿಕ್ ಮಮ್ಮು. ಇಂಜಿನಿನ ತಲೆಯ ಮೇಲೆ ಬಿಟ್ಟ ಒಂದು ಹನಿ ನೀರು ಆರಲು ನಾಲ್ಕು ಎಣಿಸುವಷ್ಟು ಹೊತ್ತು ಹಿಡಿಯಬೇಕು, ಅದಕ್ಕಿಂತ ಬೇಗ ಆರಿದರೆ ಇಂಜಿನ್ ಬಿಗಿದುಹೋದೀತು ಎಂದು ಅವನೇ ಅಂದಾಜು ಮಾಡಿಟ್ಟಿದ್ದ. ದುಬಾಯಿಯಲ್ಲಿ ನಿತ್ಯಾನಂದನ ಧಣಿಯ ಮಗನಿಗೆ ಇಂಥ ಕಾರುಗಳ ಹುಚ್ಚು. ನೋಡಿಕೊಳ್ಳಲು ಒಬ್ಬ ಜನ ಬೇಕಿತ್ತು. ಧಣಿಯ ಮಗ ಮೂಲೆಗೆಸೆದ ಈ ಕಾರು ನಾಲ್ಕು ಜನರ ಮುಂದೆ ಸರಿಯಾಗಿ ಓಡಿದರೆ ಮಮ್ಮುವಿಗೆ ವೀಸಾ ಎಂದು ಮಾತಾಗಿತ್ತು.

ಹಾಲಿನ ಸೊಸೈಟಿಯ ಅಧ್ಯಕ್ಷರು ತಿರುಗಿಸಿದರು. ಕಾರು ಇನ್ನಷ್ಟು ಜೋರಾಯಿತು. ಪ್ರಧಾನರದ್ದಕ್ಕಿಂತ ಅಧ್ಯಕ್ಷರ ಕೈಗುಣ ಒಳ್ಳೆಯದು ಎಂದು ಬೆಂಚುಗಳಲ್ಲಿ ಮಾತು ಹುಟ್ಟಿತು. ಅದು ಕಿವಿಗೆ ಬಿದ್ದದ್ದರಿಂದ ಮೂರನೆಯವರಾದ ರೈಸ್ ಮಿಲ್ಲಿನ ಮಾಲಕರು ಇಬ್ಬರಿಗಿಂತ ತುಸು ಹೆಚ್ಚೇ ತಿರುಗಿಸಿದರು. ಕಾರು ಮೈದಾನ ಸೀಳಿಕೊಂಡು ಹೋಯಿತು. ಹಿಂದಿನಿಂದ ಬರುತ್ತಿದ್ದ ನೀಲಿ ಹೊಗೆ ನಿಂತೇಹೋಗಿತ್ತು. ಹೊಗೆಯಿಲ್ಲದೆ ಓಡುವುದು ಎಷ್ಟು ಚಂದ ಎಂದರು ಜನ.

ಹಗ್ಗದ ಆಚೆ ನಿಂತಿದ್ದ ಮಮ್ಮುವಿಗೆ ಇಂಜಿನಿನ ಸ್ವರ ಕೇಳಿಯೇ ಗೊತ್ತಾಯಿತು. ಹಗ್ಗ ದಾಟಿ ಬಂದು ನಿತ್ಯಾನಂದನ ಕಿವಿಯ ಹತ್ತಿರ ಬಗ್ಗಿದ.

"ನಿತ್ಯಣ್ಣ, ಒಣಗಿ ಓಡ್ತಾ ಉಂಟು. ಎಡಕ್ಕೆ ಸ್ವಲ್ಪ ಬಿಡಬೇಕು."

"ಈಗ ಬೇಡ ಮಾರಾಯ. ಪ್ರಧಾನರು ತಿರುಗಿಸಿದ್ದನ್ನು ನಾನು ವಾಪಸ್ ತಿರುಗಿಸಿದರೆ ಅವರ ಮರ್ಯಾದೆ ಎಲ್ಲಿಗೆ ಹೋಗ್ತದೆ?"

"ಇಂಜಿನ್ ಹೋದರೆ?"

"ಇನ್ನು ಒಬ್ಬರೇ ಅಲ್ವಾ ಇರುವುದು."

ಆ ಒಬ್ಬರು ಶಿವಸುಬ್ರಹ್ಮಣ್ಯ ಭಟ್ಟರು. ನಾಲ್ವರಲ್ಲಿ ಹಿರಿಯರು, ತಮ್ಮ ಸರದಿ ಕಡೆಗೆ ಬಂದದ್ದಕ್ಕೆ ಮೊದಲೇ ಸ್ವಲ್ಪ ಬೇಸರದಲ್ಲಿದ್ದವರು. ಅವರು ಮೇಜಿನ ಹತ್ತಿರ ಬರುವಷ್ಟರಲ್ಲಿ ಮಮ್ಮು ಕಾರನ್ನು ಎತ್ತಿ, ಹೊಗೆಕೊಳವೆಯ ಬಾಯಿಗೆ ಹಸಿ ಬಟ್ಟೆ ಒತ್ತಿ ಇಂಜಿನ್ ನಿಲ್ಲಿಸಿದ. ಬಟ್ಟೆಯಿಂದ ಇಂಜಿನಿನ ತಲೆಯ ಮೇಲೆ ಹಿಂಡಿದ ಹನಿ, ಒಂದು ಎಣಿಸುವ ಮೊದಲೇ ಛುಂಯ್ ಎಂದು ಹಾರಿಹೋಯಿತು. ಅರ್ಧ ಗಂಟೆ ತಣಿಯಬೇಕು, ಆಮೇಲೆ ಎಡಕ್ಕೆ ಬಿಡಬೇಕು ಎಂದ.

"ಪಂಪು ರಿಪೇರಿಯವನಿಗೆ ದುಬಾಯಿ ಕಾರಿನ ಜ್ವರ ನೋಡ್ಲಿಕ್ಕೆ ಗೊತ್ತುಂಟಾ?" ಎಂದು ಮಿಲ್ಲಿನ ಮಾಲಕರು ಕೇಳಿದಾಗ ಬೆಂಚುಗಳು ನಕ್ಕವು. ಚೆನ್ನಾಗಿ ಓಡುವಾಗ ನಿಲ್ಲಿಸಿದ್ದು ಯಾಕೆ, ಮೂವರಿಗೆ ಓಡಿದ್ದು ಭಟ್ಟರಿಗೆ ಓಡಬಾರದೋ ಎಂದು ಯಾರೋ ಹೇಳಿದ ಮೇಲೆ ಭಟ್ಟರ ಮುಖ ನೋಡುವ ಧೈರ್ಯ ಯಾರಿಗೂ ಇರಲಿಲ್ಲ. ಮಾಷ್ಟ್ರು ಮೈಕು ಬಿಟ್ಟು ಇಳಿದು ಬಂದು, ಮಮ್ಮುವಿನ ಹೆಗಲ ಮೇಲೆ ಕೈಯಿಟ್ಟು, ಅವನನ್ನು ಮೆಲ್ಲನೆ ಹಗ್ಗದ ಆಚೆಗೆ ದಾಟಿಸಿದರು.

ನಿತ್ಯಾನಂದ ದಾರ ಎಳೆದು ಇಂಜಿನ್ ಚಾಲೂ ಮಾಡಿದ. ಭಟ್ಟರು ಬಲಕ್ಕೆ ತಿರುಗಿಸಿದರು. ಕಾರು ಅಷ್ಟು ಜೋರಾಗಿ ಆ ದಿನ ಓಡಿರಲೇ ಇಲ್ಲ. ಭಟ್ಟರು ಕೈಮುಗಿದು ಚಪ್ಪಾಳೆ ಸ್ವೀಕರಿಸುತ್ತಿರುವಾಗ ಅದು ಧ್ವಜಕಂಬದ ಹತ್ತಿರ ಕ್ರೀ ಎಂದು ಒಮ್ಮೆ ಕೂಗಿ, ಚಕ್ರ ಬಿಗಿದು ನಿಂತಿತು. ಮತ್ತೆ ದಾರ ಎಳೆದರೆ ದಾರವೇ ಬರಲಿಲ್ಲ. ನಡುವೆ ಒಬ್ಬರು ಕೈಹಾಕಿದ್ದರಿಂದ ಯಂತ್ರ ಕೆಟ್ಟಿತು, ಆದರೂ ನಾಲ್ವರು ಗಣ್ಯರ ಅಮೃತಹಸ್ತದಿಂದ ಕಾರ್ಯಕ್ರಮ ಸಾಂಗವಾಗಿ ನೆರವೇರಿತು ಎಂದು ಮಾಷ್ಟ್ರು ಧನ್ಯವಾದ ಹೇಳತೊಡಗಿದರು.

ನಿತ್ಯಾನಂದ ಬಿಸಿ ತಾಗದಂತೆ ಕಾರನ್ನು ಅಡಿಯ ತಗಡಿನಲ್ಲಿ ಹಿಡಿದುಕೊಂಡು ಹಗ್ಗದ ಹತ್ತಿರ ಬಂದ.

"ಯಾರು ಕೆಡಿಸಿದ್ದು ಅಂತ ನಿಮಗೆ ಗೊತ್ತುಂಟಲ್ಲ, ನಿತ್ಯಣ್ಣ?" ಎಂದು ಮಮ್ಮು ಕೇಳಿದ.

"ಗೊತ್ತುಂಟು."

"ಹಾಗಾದರೆ ವೀಸಾ?"

ನಿತ್ಯಾನಂದ ಕಾರನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. "ಅಲ್ಲಿ ಧಣಿಯ ಮಗನೂ ಸ್ಕ್ರೂ ತಾನೇ ತಿರುಗಿಸುವವ, ಮಮ್ಮು. ಅವನು ತಿರುಗಿಸುವಾಗ ನೀನು ಹೀಗೆ ಅಡ್ಡ ಹೋದರೆ ನನ್ನ ಕೆಲಸವೂ ಹೋಗ್ತದೆ. ನಿನಗೆ ಕೆಲಸ ಗೊತ್ತುಂಟು, ಇಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಅಲ್ಲಿಗೆ ನೀನು ಆಗ್ಲಿಕ್ಕಿಲ್ಲ."

ವೇದಿಕೆಯಲ್ಲಿ ನಾಲ್ವರಿಗೂ ಶಾಲು ಹೊದೆಸುತ್ತಿದ್ದರು. ಎಲ್ಲರೂ ಜೋರಾಗಿ ಚಪ್ಪಾಳೆ ತಟ್ಟಬೇಕೆಂದು ಮೈಕು ಹೇಳಿತು. ನಿತ್ಯಾನಂದ ಕಾರನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎರಡೂ ಕೈಯಿಂದ ತಟ್ಟತೊಡಗಿದ. ಟೆರಿಲಿನ್ ಅಂಗಿ ಸುಡುವ ವಾಸನೆ ಬಂತು. ಅವನು ಚಪ್ಪಾಳೆ ನಿಲ್ಲಿಸಲಿಲ್ಲ.