ಐರಿನ್ ಬಾಯಿಯ ಗಾಳ

ಗಾಳದ ರಾಡು ಬಾಗಿ ರೀಲು ಕಿರ್ರೆಂದು ತಿರುಗತೊಡಗಿದ್ದೇ ತಡ, ಗೇವಿನ್ ಓಡಿ ಬಂದು ತಾಯಿಯ ಕೈಯಿಂದ ಅದನ್ನು ಕಿತ್ತುಕೊಂಡ. "ಬಿಡು ಮಮ್ಮಿ, ದೊಡ್ಡದುಂಟು. ನಿನ್ನ ಭುಜ ಹೋಗ್ತದೆ."

ಐರಿನ್ ಬಾಯಿ ಬರಿಗೈಯಲ್ಲಿ ನಿಂತರು. ಎಪ್ಪತ್ತಾರರ ಈ ನಿವೃತ್ತ ನರ್ಸ್ ಬೆಳಿಗ್ಗೆಯಿಂದ ಬಂದರಿನ ಹೊಳೆದಂಡೆಯಲ್ಲಿ ಕಾದದ್ದು ಈ ಎಳೆತಕ್ಕಾಗಿಯೇ. ಮಗ ಕೊಡಿಸಿದ ಹಗುರವಾದ ಕಾರ್ಬನ್ ರಾಡು ಅವರಿಗೆ ಹಿಡಿಸಿರಲಿಲ್ಲ. ಗಾಳಕ್ಕೆ ಸಿಕ್ಕಿಸುವ ಪ್ಲಾಸ್ಟಿಕ್ ಮೀನಂತೂ ಬೇಡವೇ ಬೇಡ. ಗಾಳಕ್ಕೆ ಜೀವಂತ ಸಿಗಡಿ ಚುಚ್ಚಿ, ಹಳೆಯ ದಪ್ಪ ಫೈಬರ್ ರಾಡಿನಿಂದ ಎಸೆದರೇನೇ ಮೀನಿನ ಜಗ್ಗಾಟ ಮೊಣಕೈವರೆಗೂ ತಿಳಿಯುತ್ತದೆ ಎನ್ನುತ್ತಿದ್ದರು. ಆ ಜಗ್ಗಾಟವನ್ನು ಈಗ ಮಗ ಅನುಭವಿಸುತ್ತಿದ್ದ.

ಕೆಂಪಗೆ ಹೊಳೆಯುವ ದೊಡ್ಡ ಕೆಂಬೇರಿ ಮೀನು ದಡಕ್ಕೆ ಬಂತು. ಗೇವಿನ್ ಅದನ್ನು ತಾಯಿಯ ಕೈಗೆ ಕೊಟ್ಟು ಮೊಬೈಲ್ ತೆಗೆದ. "ಎತ್ತಿ ಹಿಡಿ ಮಮ್ಮಿ. ಫ್ಯಾಮಿಲಿ ಗ್ರೂಪಿಗೆ ಹಾಕ್ತೇನೆ, ಈ ವಯಸ್ಸಿನಲ್ಲೂ ಎಂಥ ಮೀನು ಹಿಡಿದಿದ್ದಾಳೆ ನೋಡಿ ಅಂತ."

ಐರಿನ್ ಬಾಯಿಯ ಮುಖ ಸಿಟ್ಟಿನಿಂದ ಬಿಗಿಯಿತು. ಅವರು ಮೀನಿನ ಬಾಯಿಯಿಂದ ಕೊಕ್ಕೆ ಬಿಡಿಸಿ, ಬಾಗಿ ಅದನ್ನು ನೀರಿಗೆ ಬಿಟ್ಟರು. ಅದು ಬಾಲ ಬಡಿದು ಮಾಯವಾಯಿತು.

"ಎಂತ ಮಾಡಿದ್ದು ಮಮ್ಮಿ? ಸಾರಿಗೆ ಆಗ್ತಿತ್ತಲ್ಲ."

"ಹಿಡಿದದ್ದು ನೀನು. ಸುಳ್ಳು ಫೋಟೋ ನನಗೆ ಬೇಡ. ಭುಜ ನೋವಾದರೆ ಆಗಲಿ, ಅದು ನನ್ನ ಭುಜ. ನಾನು ಕರೆಯದೆ ಇನ್ನು ನನ್ನ ರಾಡಿಗೆ ಕೈ ಹಾಕಬೇಡ."

ಅವರು ಹೊಸ ಸಿಗಡಿ ಚುಚ್ಚಿದರು. ಗೇವಿನ್ ಮೊಬೈಲನ್ನು ಜೇಬಿಗಿಳಿಸಿ, ಹಿಂದಕ್ಕೆ ಸರಿದು, ಅವರಿಗೆ ರಾಡು ಬೀಸಲು ಜಾಗ ಬಿಟ್ಟ.