ಹಸಿವಿಗೊಂದು ಅಣಕ

ಬೋಗುಣಿಯನ್ನು ಊಟದ ಮೇಜಿಗೆ ಇಡುವ ಮೊದಲು ಅಮೆಲೆ ಅದರಿಂದ ಒಂದು ಹಿಡಿ ತೆಗೆದು ಬಾಗಿಲ ಬಳಿ ನೆಲಕ್ಕೆ ಉದುರಿಸಿಬಿಟ್ಟಳು. ಯೋಚಿಸಿ ಮಾಡಿದ್ದಲ್ಲ. ಘಾನಾದ ತವರಿನಲ್ಲಿ ಸುಗ್ಗಿಹಬ್ಬದ ದಿನ ಹಾಗೆ ಉದುರಿಸದೆ ಯಾರೂ ತುತ್ತೆತ್ತುವುದಿಲ್ಲ. ಕೈ ತಾನಾಗಿ ಹೋಗಿತ್ತು. ಆದರೆ ಇದು ಕೆನಡಾದ ಗೋಧಿಹೊಲಗಳ ನಡುವಿನ ಗಂಡನ ಮನೆ. ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆಂದು ಅವನ ತಾಯಿ ಸ್ಟೆಫಾನಿಯಾ ಬೆಳಿಗ್ಗೆ ಮಂಡಿಯೂರಿ ಉಜ್ಜಿದ ಮರದ ನೆಲ. ತಾಳೆಎಣ್ಣೆಯಲ್ಲಿ ಕಲಸಿದ ಮೆಕ್ಕೆಜೋಳದ ಹಿಟ್ಟು ಅದರ ಮೇಲೆ ಕೆಂಪಗೆ ಕೂತಿತು.

"ಅಯ್ಯೋ, ನನ್ನ ನೆಲ!"

"ಬಿಡಮ್ಮ, ಅದಕ್ಕೂ ಹಸಿವಾಗಿತ್ತೇನೋ," ಎಂದ ಅಮೆಲೆಯ ಗಂಡ ತಾರಸ್. ಯಾರೂ ನಗಲಿಲ್ಲ.

ಅಮೆಲೆ ಆಗಲೇ ಒರೆಸುವ ಬಟ್ಟೆ ಹಿಡಿದಿದ್ದಳು. "ತಪ್ಪಾಯ್ತು, ಅ..." ಎಂದು ನಾಲಿಗೆ ಕಚ್ಚಿಕೊಂಡಳು. ಮದುವೆಯಾದ ಹೊಸತರಲ್ಲೇ ಅವರು ಹೇಳಿದ್ದರು: "ಅತ್ತೆ ಗಿತ್ತೆ ಬೇಡ. ಸ್ಟೆಫಾನಿಯಾ ಅಂದ್ರೆ ಸಾಕು." ಇಂದಾದರೂ ಆ ಮಾತು ಬದಲಾದೀತೆಂಬ ಆಸೆಯಿಂದಲೇ ಅವಳು ತವರಿನ ಅಡುಗೆ ಮಾಡಿ ತಂದಿದ್ದು.

"ಯಾರಿಗೆ ಹಾಕಿದ್ದು ಅದು?" ಸ್ಟೆಫಾನಿಯಾ ಕೇಳಿದರು.

"ಹೋದವರಿಗೆ. ಅವರು ಉಂಡಮೇಲೆ ನಾವು. ಒಂದು ಕಾಲಕ್ಕೆ ಬರ ಬಂದು ತುಂಬಾ ಜನ ಸತ್ರಂತೆ. ಆಮೇಲೆ ಬೆಳೆ ಬಂತಲ್ಲ, ಹಸಿವನ್ನ ಅಣಕಿಸಿ ನಕ್ರಂತೆ. ಹಬ್ಬದ ಹೆಸರೇ ಅದು."

"ಹಸಿವನ್ನ ಅಣಕಿಸೋದಾ!" ಸ್ಟೆಫಾನಿಯಾ ಅವಳನ್ನೇ ನೋಡಿದರು. "ನಮ್ಮಮ್ಮ ಉಕ್ರೇನಿನ ಬರಗಾಲದಲ್ಲಿ ಹುಲ್ಲು ಬೇಯಿಸಿ ತಿಂದು ಬದುಕಿದೋಳು. ಸಾಯೋವರೆಗೂ ಅದರ ಹೆಸರೆತ್ತಲಿಲ್ಲ. ನಿಮ್ಮೋರಿಗೆ ಒಳ್ಳೇ ಧೈರ್ಯ ಕಣೆ."

ಅವರ ಕಣ್ಣು ಚಾವಣಿಗೆ ಹೋಯಿತು. ಅಲ್ಲೊಂದು ಒಣಗಿದ ಗೋಧಿಕಾಳು ಅಂಟಿಕೊಂಡಿತ್ತು. ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಮನೆಯ ಯಜಮಾನ ಜೇನು ಕಲಸಿದ ಗೋಧಿಯನ್ನು ಚಮಚದಿಂದ ಮೇಲಕ್ಕೆ ಎಸೆಯಬೇಕು. ಅಂಟಿದರೆ ಫಸಲು ಚೆನ್ನ. ಹೋದ ಸಲ ಅಂಟಿತು, ಫಸಲೂ ಬಂತು. ಎಸೆದವರು ಮಾತ್ರ ಕೊಯ್ಲಿಗೆ ಉಳಿಯಲಿಲ್ಲ. ಅಲ್ಲಿಗೆ ಸುಣ್ಣಬಣ್ಣ ಮಾಡಲು ಸ್ಟೆಫಾನಿಯಾ ಯಾರನ್ನೂ ಬಿಟ್ಟಿರಲಿಲ್ಲ.

ಸೊಸೆಯ ಕೈಯಿಂದ ಬಟ್ಟೆ ಕಿತ್ತುಕೊಂಡರು. "ಮೇಲಿಂದು ಹಾಗೇ ಇದೆ. ಕೆಳಗಿಂದೂ ಇರ್ಲಿ."

ಆಮೇಲೆ ತಾವೇ ಬೋಗುಣಿಗೆ ಕೈಹಾಕಿ ಒಂದು ಹಿಡಿ ತೆಗೆದು, ಮೇಜಿನ ತುದಿಯ ಖಾಲಿ ಕುರ್ಚಿಯ ಕೆಳಗೆ ಉದುರಿಸಿದರು. ಬೆರಳಿಗಂಟಿದ್ದನ್ನು ನೆಕ್ಕಿ ಮುಖ ಸೊಟ್ಟ ಮಾಡಿದರು.

"ಉಪ್ಪು ಸಾಲದು ಕಣೆ. ನಿನ್ನ ಮಾವ ಬೈತಾರೆ."